ಈಜುವಾಗ ಎಷ್ಟು ಕೈಗೆ ಒಮ್ಮೆ ಉಸಿರು?

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ಈಜಲು ಹೋಗಬೇಕು. ಕೆಲವರು ಈಜುಕೊಳದ ಬೇಸಿಗೆ ಶಿಬಿರಕ್ಕೆ ಸೇರುತ್ತಾರೆ. ಇನ್ನು ಕೆಲವರು ಹೊಲದ ಬಾವಿಗೆ, ಕೆರೆಗೆ, ನದಿಗೆ ಹೋಗುತ್ತಾರೆ, ಮನೆಯಲ್ಲಿ ಹೇಳಿಯೋ ಹೇಳದೆಯೋ. ಶಿಬಿರಕ್ಕೆ ಹೋಗುವ ಮಕ್ಕಳ ತಂದೆತಾಯಂದಿರು ದವಾಖಾನೆಗೆ ಬಂದಾಗ ಕೇಳುವ ಮಾತು ಹೆಚ್ಚಾಗಿ ಹೀಗಿರುತ್ತದೆ: “ಡಾಕ್ಟರ್ ಸಾಹೇಬ್ರ, ಹುಡುಗ ಕೈಕಾಲು ಚಲೋ ಬಡೀತಾನ್ರಿ. ಆದ್ರ ಅರ್ಧ ಕೊಳ ದಾಟೂದ್ರಾಗ ದಮ್ಮ ಹತ್ತತೈತ್ರಿ. ಎಷ್ಟ ಕೈಗೊಮ್ಮೆ ಉಸಿರ ತಗೋಬೇಕ್ರಿ?”

ಉತ್ತರ ಚಿಕ್ಕದು. ಫ್ರೀಸ್ಟೈಲ್ ಕಲಿಯುವವರು ಎರಡು ಕೈಗೆ ಒಮ್ಮೆ ಉಸಿರು ತೆಗೆದುಕೊಳ್ಳಲಿ. ಸಲೀಸಾದ ಮೇಲೆ ಮೂರು ಕೈಗೆ ಒಮ್ಮೆ ಅಭ್ಯಾಸ ಮಾಡಲಿ. ಆದರೆ ಉಸಿರನ್ನು ನೀರಿನಲ್ಲಿ ಬಿಡಬೇಕು, ಎಂದೂ ಕಟ್ಟಿ ಹಿಡಿಯಬಾರದು. ಈ ಕೊನೆಯ ಮಾತು ತಿಳಿಯದಿದ್ದರೆ ಮೊದಲಿನ ಲೆಕ್ಕದಿಂದ ಪ್ರಯೋಜನವಿಲ್ಲ. ಅದು ಏಕೆಂದು ಈ ಲೇಖನದಲ್ಲಿ ನೋಡೋಣ.

ದಮ್ಮು ಹತ್ತುವುದು ಯಾವುದರಿಂದ?

ಬಾವಿಯಲ್ಲಿ ಈಜು ಕಲಿತ ನಮ್ಮ ಹಿರಿಯರು ತಲೆಯನ್ನು ನೀರಿನ ಮೇಲೆ ಇಟ್ಟುಕೊಂಡು ಈಜುತ್ತಿದ್ದರು. ಅವರಿಗೆ ಉಸಿರಿನ ಲೆಕ್ಕ ಬೇಕಿರಲಿಲ್ಲ. ಫ್ರೀಸ್ಟೈಲ್‌ನಲ್ಲಿ ಮುಖ ನೀರಿನೊಳಗೆ ಇರುತ್ತದೆ. ಬಾಯಿ ಗಾಳಿಗೆ ಸಿಗುವುದು ಕ್ಷಣ ಮಾತ್ರ. ಹೀಗಾಗಿ ಹೊಸದಾಗಿ ಕಲಿಯುವ ಮಗು ಬಾಯಿ ತುಂಬ ಗಾಳಿ ಎಳೆದು, ಕೆನ್ನೆ ಉಬ್ಬಿಸಿ, ಉಸಿರು ಬಿಗಿಹಿಡಿದು ಕೈ ಬಡಿಯಲು ಶುರುಮಾಡುತ್ತದೆ. ಗಾಳಿ ಒಳಗಿದೆಯಲ್ಲ, ಇನ್ನೇಕೆ ಚಿಂತೆ ಎಂದು ಅದರ ಎಣಿಕೆ.

ಆದರೆ ನಮಗೆ ಉಸಿರಾಡಲೇಬೇಕು ಎನ್ನಿಸುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದ ಅಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ. ಮಿದುಳಿನ ಕೆಳಭಾಗದಲ್ಲಿರುವ ಉಸಿರಿನ ಕೇಂದ್ರ ಈ ಏರಿಕೆಯನ್ನು ಬೇಗ ಗುರುತಿಸಿ “ಉಸಿರಾಡು” ಎಂದು ಒತ್ತಾಯಿಸುತ್ತದೆ. ಈಜುವಾಗ ಕೈಕಾಲಿನ ಸ್ನಾಯುಗಳು ದುಡಿಯುತ್ತಿರುತ್ತವೆ, ಈ ಅನಿಲ ಬೇಗ ಬೇಗ ತಯಾರಾಗುತ್ತದೆ. ಉಸಿರು ಕಟ್ಟಿದವನಲ್ಲಿ ಅದು ಒಳಗೇ ಸೇರುತ್ತಾ ಹೋಗುತ್ತದೆ. ಎಂಟು ಹತ್ತು ಸೆಕೆಂಡಿನಲ್ಲೇ ಎದೆ ಬಿಗಿಯುತ್ತದೆ, ಗಾಬರಿಯಾಗುತ್ತದೆ. ಆಗ ಮಗು ತಲೆ ಎತ್ತುತ್ತದೆ, ಕಾಲು ಮುಳುಗುತ್ತದೆ, ನೀರು ಕುಡಿಯುತ್ತದೆ. ನೋಡುವವರು “ಇವನಿಗೆ ತಾಕತ್ತಿಲ್ಲ” ಎನ್ನುತ್ತಾರೆ. ಇಲ್ಲಿ ತಾಕತ್ತಿಗೆ ಕೊರತೆಯಿಲ್ಲ, ಹಳೆಯ ಗಾಳಿ ಹೊರಗೆ ಹೋಗಿಲ್ಲ ಅಷ್ಟೇ.

ಇನ್ನೊಂದು ವಿಷಯವಿದೆ. ಮುಖ ಹೊರಗೆ ಬಂದಾಗ ಸಿಗುವ ಸಮಯ ಒಂದು ಸೆಕೆಂಡಿಗೂ ಕಡಿಮೆ. ಆ ಹೊತ್ತಿನಲ್ಲಿ ಹಳೆಯ ಗಾಳಿ ಬಿಡುವುದು, ಹೊಸದನ್ನು ಎಳೆಯುವುದು ಎರಡೂ ಆಗುವುದಿಲ್ಲ. ತುಂಬಿದ ಕೊಡಕ್ಕೆ ನೀರು ಹಿಡಿದಂತೆ, ಎಷ್ಟು ಎಳೆದರೂ ಒಳಗೆ ಜಾಗವಿರುವುದಿಲ್ಲ. ಆದ್ದರಿಂದ ಕೊಡವನ್ನು ಮೊದಲು ನೀರಿನೊಳಗೇ ಬರಿದು ಮಾಡಿಕೊಂಡು ಬರಬೇಕು.

ಯೂನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತದೆ, ಅಸ್ಬಾಬ್-ಎ-ಸಿತ್ತಾ ಝರೂರಿಯಾ. ಅವುಗಳಲ್ಲಿ ಮೊದಲನೆಯದು ನಮ್ಮ ಸುತ್ತಲಿನ ಗಾಳಿ. ಗಾಳಿ ಒಳಗೆ ಹೋಗುವುದು ಎಷ್ಟು ಮುಖ್ಯವೋ, ಬಳಸಿದ ಗಾಳಿ ಹೊರಬೀಳುವುದೂ ಅಷ್ಟೇ ಮುಖ್ಯ ಎಂದು ನಮ್ಮ ಹಳೆಯ ಹಕೀಮರು ಬರೆದಿದ್ದಾರೆ. ಹೃದಯದ ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು, ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ವಿವರಿಸಿದವರು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ನಫೀಸ್. ಅವರು ತೀರಿಕೊಂಡದ್ದು 1288ರಲ್ಲಿ. ಈಜುಕೊಳದಲ್ಲಿ ದಮ್ಮು ಹತ್ತಿದ ಮಗುವಿನ ಎದೆಯೊಳಗೆ ನಡೆಯುವುದೂ ಇದೇ ಕೆಲಸ. ಆ ದಾರಿಯನ್ನು ನಾವು ಮುಚ್ಚದಿದ್ದರೆ ಸಾಕು.

ಸರಳ ಲೆಕ್ಕ

ಬಲಗೈ ಒಮ್ಮೆ ನೀರಿಗೆ ಬಿದ್ದು ಹಿಂದಕ್ಕೆ ಎಳೆದರೆ ಒಂದು ಕೈ. ನಂತರ ಎಡಗೈ ಎಳೆದರೆ ಎರಡು ಕೈ. ಪ್ರತಿ ಬಾರಿ ಬಲಗೈ ಎಳೆಯುವಾಗ ಬಲಕ್ಕೆ ತಿರುಗಿ ಉಸಿರು ತೆಗೆದುಕೊಂಡರೆ ಅದು ಎರಡು ಕೈಗೆ ಒಮ್ಮೆ. ಮೂರು ಕೈಗೆ ಒಮ್ಮೆ ಎಂದರೆ ಒಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ ತಿರುಗಬೇಕಾಗುತ್ತದೆ.

ಒಬ್ಬರು ನಿಮಿಷಕ್ಕೆ 60 ಕೈ ಹಾಕುತ್ತಾರೆ ಎಂದುಕೊಳ್ಳಿ. ಎರಡು ಕೈಗೆ ಒಮ್ಮೆ ಆದರೆ ನಿಮಿಷಕ್ಕೆ 30 ಉಸಿರು. ಮೂರು ಕೈಗೆ ಒಮ್ಮೆ ಆದರೆ 20. ನಾಲ್ಕು ಕೈಗೆ ಒಮ್ಮೆ ಆದರೆ 15. ಆರು ಕೈಗೆ ಒಮ್ಮೆ ಆದರೆ 10.

ಈಗ ನೆಲದ ಮೇಲಿನ ಲೆಕ್ಕ ನೋಡಿ. ಆರೋಗ್ಯವಂತ ದೊಡ್ಡವರು ಸುಮ್ಮನೆ ಕುಳಿತಾಗಲೇ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಂಟು ಹತ್ತು ವರ್ಷದ ಮಕ್ಕಳ ಉಸಿರು ಸುಮ್ಮನಿದ್ದಾಗಲೂ ಇದಕ್ಕಿಂತ ವೇಗ, 20ರ ಆಸುಪಾಸು ಅಥವಾ ಹೆಚ್ಚು. ಓಡಿದಾಗ, ಮೆಟ್ಟಿಲು ಹತ್ತಿದಾಗ 30, 40ಕ್ಕೂ ಹೋಗುತ್ತದೆ. ಹಾಗಿರುವಾಗ ಮೈಯೆಲ್ಲ ದುಡಿಯುವ ಈಜಿನಲ್ಲಿ ನಾಲ್ಕು ಕೈಗೆ, ಆರು ಕೈಗೆ ಒಮ್ಮೆ ಉಸಿರಾಡು ಎನ್ನುವುದು ಹೊಲದಲ್ಲಿ ಮೂಟೆ ಹೊರುವವನಿಗೆ ಮಲಗಿದವನಷ್ಟೇ ಉಸಿರಾಡು ಎಂದಂತೆ. ಇದರಿಂದ ಶ್ವಾಸಕೋಶ ದೊಡ್ಡದಾಗುವುದಿಲ್ಲ. ದಣಿವು ಬೇಗ ಬರುತ್ತದೆ, ನೀರಿನ ಭಯ ಹೆಚ್ಚುತ್ತದೆ.

ಎರಡೋ, ಮೂರೋ?

“ಕಡಿಮೆ ಉಸಿರಾಡಿದವನೇ ಜಾಣ ಈಜುಗಾರ” ಎಂಬ ಮಾತು ಕೊಳದ ದಂಡೆಯಲ್ಲಿ ಕೇಳಿಬರುತ್ತದೆ. ಇದು 50 ಮೀಟರ್ ಓಟದಂಥ ಸ್ಪರ್ಧೆಯನ್ನು ನೋಡಿ ಹುಟ್ಟಿದ ಮಾತು. ಅಲ್ಲಿ ಈಜು ಮುಗಿಯುವುದು ಅರ್ಧ ನಿಮಿಷದೊಳಗೆ. ತಲೆ ತಿರುಗಿಸಿದರೆ ಕಣ್ಣೆವೆಯಷ್ಟು ಸಮಯ ಹೋಗುತ್ತದೆಂದು ಅವರು ಒಂದೆರಡು ಸಲ ಮಾತ್ರ ಉಸಿರಾಡುತ್ತಾರೆ. ವರ್ಷಗಟ್ಟಲೆ ತರಬೇತಿ ಪಡೆದವರು, ಪಕ್ಕದಲ್ಲಿ ರಕ್ಷಕರು ಇರುವಾಗ ಮಾಡುವ ಕೆಲಸವದು. ದೂರದ ಈಜುಗಾರರನ್ನು ನೋಡಿ. 800 ಮತ್ತು 1500 ಮೀಟರ್ ಫ್ರೀಸ್ಟೈಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಕೇಟಿ ಲೆಡೆಕಿ ಹೆಚ್ಚಾಗಿ ಬಲಕ್ಕೆ ತಿರುಗಿ ಎರಡು ಕೈಗೆ ಒಮ್ಮೆ ಉಸಿರಾಡುತ್ತಾರೆ. ಅಂಥವರಿಗೇ ಅಷ್ಟು ಗಾಳಿ ಬೇಕು ಎಂದಮೇಲೆ ನಮ್ಮ ಮಕ್ಕಳಿಗೆ ಬೇಡವೇ?

ಎರಡು ಕೈಗೆ ಒಮ್ಮೆ ತೆಗೆದುಕೊಂಡರೆ ಗಾಳಿ ಸಾಕಷ್ಟು ಸಿಗುತ್ತದೆ, ಮನಸ್ಸು ಶಾಂತವಾಗಿರುತ್ತದೆ. ತೊಂದರೆ ಒಂದೇ. ಸದಾ ಒಂದೇ ಕಡೆ ತಿರುಗುವುದರಿಂದ ಮೈ ಒಂದು ಬದಿಗೆ ವಾಲುವ ಅಭ್ಯಾಸವಾಗುತ್ತದೆ, ಕೆಲವರಿಗೆ ಒಂದು ಕಡೆಯ ಕುತ್ತಿಗೆ, ಹೆಗಲು ನೋಯುತ್ತದೆ. ಇದಕ್ಕೆ ಸುಲಭದ ದಾರಿಯಿದೆ. ಕೊಳದ ಒಂದು ದಂಡೆಯಿಂದ ಹೋಗುವಾಗ ಬಲಕ್ಕೆ, ಮರಳಿ ಬರುವಾಗ ಎಡಕ್ಕೆ ಉಸಿರು ತೆಗೆದುಕೊಳ್ಳಿ. ಎರಡೂ ಬದಿ ಪಳಗುತ್ತದೆ, ಗಾಳಿಗೂ ಕೊರತೆಯಾಗುವುದಿಲ್ಲ.

ಮೂರು ಕೈಗೆ ಒಮ್ಮೆ ಎಂಬುದು ಮೈಯ ಸಮತೋಲ ಕಲಿಯಲು ಒಳ್ಳೆಯದು. ನಿಧಾನವಾಗಿ ಈಜುವಾಗ ಅದು ಹಿತವೆನಿಸಿದರೆ ಹಾಗೇ ಈಜಬಹುದು. ನದಿ ಅಥವಾ ಕೆರೆಯಲ್ಲಿ ಒಂದು ಕಡೆಯಿಂದ ಅಲೆ ಬಡಿಯುತ್ತಿದ್ದರೆ ಇನ್ನೊಂದು ಕಡೆ ತಿರುಗಲು ಬರುವುದು ಉಪಯೋಗಕ್ಕೆ ಬರುತ್ತದೆ. ಆದರೆ ಮೂರಕ್ಕೆ ಉಸಿರು ಸಾಲುತ್ತಿಲ್ಲ ಎನ್ನಿಸಿದ ಕೂಡಲೇ ಎರಡಕ್ಕೆ ಇಳಿಯಬೇಕು. ಇದರಲ್ಲಿ ಸೋಲೇನೂ ಇಲ್ಲ. ಕೋಚ್ ಹೇಳಿದ ಸಂಖ್ಯೆಗಿಂತ ಎದೆ ಹೇಳುವ ಮಾತು ದೊಡ್ಡದು.

ಒಂದು ಪರೀಕ್ಷೆ ಇಟ್ಟುಕೊಳ್ಳಿ. ಕೊಳದ ಇನ್ನೊಂದು ದಂಡೆ ಮುಟ್ಟಿದ ಮೇಲೆ ಅರ್ಧ ನಿಮಿಷದೊಳಗೆ ಮಗು ಒಂದು ಪೂರ್ತಿ ವಾಕ್ಯ ಮಾತಾಡಬೇಕು. ಆಗದಿದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ಉಸಿರು ತಡವಾಗುತ್ತಿದೆ.

ನೀರಿನಲ್ಲಿ ಉಸಿರು ಬಿಡುವುದು: ವುಝೂ ಕಲಿಸಿದ ಪಾಠ

“ಮೂಗಿನಲ್ಲಿ ನೀರು ಹೋಗುತ್ತದೆ” ಎಂಬ ಭಯ ಮಕ್ಕಳಲ್ಲಿ ಸಾಮಾನ್ಯ. ನಮ್ಮ ಮನೆಯ ಮಕ್ಕಳಿಗೆ ಈ ಭಯ ಬಿಡಿಸುವುದು ಸುಲಭ. ನಮಾಝ್ ಕಲಿತ ಮಗು ವುಝೂ ಮಾಡುವಾಗ ಪ್ರತಿ ಸಲ ಮೂಗಿಗೆ ನೀರು ಏರಿಸಿ, ಉಸಿರಿನಿಂದ ಅದನ್ನು ಹೊರಹಾಕುತ್ತದೆ. ಮೂಗಿನಿಂದ ಗಾಳಿ ಹೊರಗೆ ಬರುತ್ತಿರುವಾಗ ನೀರು ಒಳಗೆ ಹೋಗುವುದಿಲ್ಲ ಎಂಬ ಅನುಭವ ಅದಕ್ಕೆ ಆಗಲೇ ಇದೆ. ಈಜಿನಲ್ಲಿ ಇದೇ ಗಾಳಿಯನ್ನು ಸ್ವಲ್ಪ ಹೊತ್ತು ನಿಧಾನವಾಗಿ ಬಿಡಬೇಕು, ಅಷ್ಟೇ. ಮಗುವಿಗೆ ಹಾಗೆಯೇ ಹೇಳಿ.

ಕುಡಿಯುವ ಪಾತ್ರೆಯೊಳಗೆ ಉಸಿರು ಬಿಡಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರಲ್ಲ, ಕೊಳದಲ್ಲಿ ಬಿಡಬಹುದೇ ಎಂದು ಜಾಣ ಮಗು ಕೇಳೀತು. ಅದು ಕುಡಿಯುವ ನೀರಿನ ಶಿಷ್ಟಾಚಾರ, ಸ್ವಚ್ಛತೆಯ ಪಾಠ ಎಂದು ತಿಳಿಸಿ. ಹಾಗೆಯೇ ಕೊಳದ ನೀರು ಕುಡಿಯಲಿಕ್ಕಲ್ಲ, ಬಾಯಿಗೆ ಬಂದರೆ ಉಗುಳಬೇಕು ಎಂಬುದನ್ನೂ ಸೇರಿಸಿ.

ಉಸಿರು ಬಿಡುವ ಕ್ರಮ ಇದು. ಮುಖ ನೀರಿಗೆ ಹೋದ ಕೂಡಲೇ ಮೂಗು ಮತ್ತು ಬಾಯಿಯಿಂದ ಸಣ್ಣ ಗುಳ್ಳೆಗಳು ಬರಲು ಶುರುವಾಗಬೇಕು. ಬಾಯಿ ಮುಚ್ಚಿ “ಹೂಂ” ಎಂದು ಗುನುಗಿದರೆ ಮೂಗಿನಿಂದ ಗಾಳಿ ತಾನಾಗಿ ಬರುತ್ತದೆ. ಮುಖ ಹೊರಗೆ ತಿರುಗುವ ಮುನ್ನ ಉಳಿದ ಗಾಳಿಯನ್ನು ಸ್ವಲ್ಪ ಜೋರಾಗಿ ಊದಿಬಿಡಬೇಕು. ತುಟಿಯ ಬಳಿಯ ನೀರೂ ಇದರಿಂದ ಸರಿಯುತ್ತದೆ. ಹೊರಗೆ ಬಂದಾಗ ಬಾಯಿಯಿಂದ ಗಾಳಿ ಎಳೆಯುವುದೊಂದೇ ಕೆಲಸ. ಎದೆ ಬಿರಿಯುವಷ್ಟು ಎಳೆಯಬೇಕಿಲ್ಲ. ನಡೆಯುವಾಗ ತೆಗೆದುಕೊಳ್ಳುವುದಕ್ಕಿಂತ ತುಸು ಹೆಚ್ಚು ಸಾಕು, ಏಕೆಂದರೆ ಮುಂದಿನ ಉಸಿರು ಎರಡೇ ಕೈ ದೂರದಲ್ಲಿದೆ.

ತಲೆ ಎತ್ತಬೇಡಿ, ತಿರುಗಿಸಿ

ಗಾಳಿಗಾಗಿ ತಲೆಯನ್ನು ಮುಂದಕ್ಕೆ ಎತ್ತಿದರೆ ಸೊಂಟ ಮತ್ತು ಕಾಲು ಕೆಳಗೆ ಹೋಗುತ್ತವೆ. ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವಂತೆ. ಆಗ ಮೈ ನೀರಿನಲ್ಲಿ ಓರೆಯಾಗಿ ನಿಂತು ಮುಂದೆ ಸಾಗುವುದೇ ಕಷ್ಟವಾಗುತ್ತದೆ. ಈ ಹೆಚ್ಚಿನ ದುಡಿಮೆಗೆ ಮತ್ತಷ್ಟು ಉಸಿರು ಬೇಕಾಗುತ್ತದೆ.

ಸರಿಯಾದ ರೀತಿಯಲ್ಲಿ ಹೆಗಲು, ಎದೆ, ಸೊಂಟ ಎಲ್ಲವೂ ಒಟ್ಟಿಗೆ ಬದಿಗೆ ಉರುಳುತ್ತವೆ, ತಲೆ ಅವುಗಳ ಜೊತೆ ತಿರುಗುತ್ತದೆ. ಒಂದು ಕಣ್ಣು ನೀರಿನಲ್ಲೇ ಇರುತ್ತದೆ, ಇನ್ನೊಂದು ಹೊರಗೆ. ಮುಂದಕ್ಕೆ ಚಾಚಿದ ಕೈ ಉಸಿರು ಮುಗಿಯುವ ತನಕ ಚಾಚಿಯೇ ಇರಬೇಕು. ಕಲಿಯುವವರು ಆ ಕೈಯನ್ನು ಬೇಗ ಕೆಳಕ್ಕೆ ಒತ್ತುವುದರಿಂದಲೇ ಬಾಯಿ ನೀರಿನ ಕೆಳಗೆ ಹೋಗುತ್ತದೆ. ತಲೆ ಮುಂದೆ ಸಾಗುವಾಗ ಕೆನ್ನೆಯ ಪಕ್ಕದಲ್ಲಿ ನೀರು ತುಸು ತಗ್ಗಾಗುತ್ತದೆ. ಬಾಯಿ ಆ ತಗ್ಗಿನಲ್ಲಿ ಸಿಗುವ ಗಾಳಿಯನ್ನು ತೆಗೆದುಕೊಂಡರೆ ಸಾಕು, ಆಕಾಶ ನೋಡಬೇಕಿಲ್ಲ. ನಮಾಝ್ ಮುಗಿಸುವಾಗ ಸಲಾಮ್‌ಗೆ ಹೆಗಲ ಕಡೆ ಮುಖ ತಿರುಗಿಸುತ್ತೇವಲ್ಲ, ಗಲ್ಲ ಮೇಲೇಳದೆ ಬದಿಗೆ ಮಾತ್ರ ಸರಿಯುತ್ತದೆ. ತಲೆಯ ಚಲನೆ ಹೀಗಿರಲಿ, ಮೈ ಅದರೊಡನೆ ಉರುಳಲಿ.

ಕಲಿಯುವ ಕ್ರಮ

ಮೊದಲ ಎರಡು ಮೂರು ದಿನ ಎದೆಮಟ್ಟದ ನೀರಿನಲ್ಲಿ ದಂಡೆ ಹಿಡಿದು ನಿಂತು, ಮುಖ ಮುಳುಗಿಸಿ ಮೂರು ಎಣಿಸುವ ತನಕ ಗುಳ್ಳೆ ಬಿಡುವುದು, ಮುಖ ಎತ್ತಿ ಉಸಿರು ತೆಗೆದುಕೊಳ್ಳುವುದು. ಹೀಗೆ ಬಿಡುವಿಲ್ಲದೆ 20 ಸಲ ಮಾಡಿದರೂ ದಮ್ಮು ಹತ್ತಬಾರದು. ಆಮೇಲೆ ದಂಡೆ ಹಿಡಿದು ಮಲಗಿ ಕಾಲು ಬಡಿಯುತ್ತಾ, ಮುಖವನ್ನು ಎತ್ತದೆ ಬದಿಗೆ ತಿರುಗಿಸಿ ಉಸಿರು ತೆಗೆದುಕೊಳ್ಳುವ ಅಭ್ಯಾಸ. ಅದಾದ ಮೇಲೆ ತೇಲುವ ಹಲಗೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈ ಎಳೆಯುತ್ತಾ ಆ ಬದಿಗೆ ಉಸಿರು. ಬಲ, ಎಡ ಎರಡೂ. ಇವು ಬಂದ ಮೇಲೆ ಹಲಗೆ ಬಿಟ್ಟು ಎರಡು ಕೈಗೆ ಒಮ್ಮೆ ಉಸಿರಾಡುತ್ತಾ 10 ಮೀಟರ್, ಆಮೇಲೆ 15, ಆಮೇಲೆ 25. ದೂರ ಹೆಚ್ಚಿಸಲು ಆತುರ ಬೇಡ.

ಗುಳ್ಳೆ ಬಿಡುವ ಅಭ್ಯಾಸವನ್ನು ಮನೆಯಲ್ಲಿ ಅಗಲವಾದ ಬೋಗುಣಿಯಲ್ಲೂ ಮಾಡಿಸಬಹುದು. ದೊಡ್ಡವರು ಪಕ್ಕದಲ್ಲೇ ಇರಬೇಕು, ಮುಗಿದ ಕೂಡಲೇ ನೀರು ಚೆಲ್ಲಬೇಕು. ತೆವಳುವ, ತಪ್ಪು ಹೆಜ್ಜೆ ಇಡುವ ಕೂಸುಗಳು ಬಕೆಟ್ ನೀರಿನಲ್ಲೂ ಮುಳುಗುತ್ತವೆ ಎಂಬುದನ್ನು ತಾಯಂದಿರು ಮರೆಯಬಾರದು.

ಉಸಿರು ಕಟ್ಟುವ ಪಂದ್ಯ ಬೇಡವೇ ಬೇಡ

ಬಾವಿ, ಹೊಳೆಗಳಲ್ಲಿ ಹುಡುಗರು ಆಡುವ ಒಂದು ಆಟವಿದೆ: ನೀರೊಳಗೆ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ದಂಡೆಯಲ್ಲಿದ್ದವರು ಎಣಿಸುವುದು. ಮುಳುಗುವ ಮುನ್ನ ಕೆಲವರು ಜೋರಾಗಿ, ವೇಗವಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. “ಗಾಳಿ ತುಂಬಿಸಿಕೊಳ್ಳುವುದು” ಎಂದು ಅದಕ್ಕೆ ಹೆಸರು.

ಇದು ಜೀವಕ್ಕೆ ಅಪಾಯ. ಹಾಗೆ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕೆಳಗಿಳಿಯುತ್ತದೆ. “ಉಸಿರಾಡು” ಎಂದು ಎಚ್ಚರಿಸುವ ಗಂಟೆ ಅದೇ ಅಲ್ಲವೇ? ಆ ಗಂಟೆ ತಡವಾಗಿ ಬಾರಿಸುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಿ, ಹುಡುಗ ಯಾವ ಒದ್ದಾಟವೂ ಇಲ್ಲದೆ ನೀರೊಳಗೇ ಎಚ್ಚರ ತಪ್ಪುತ್ತಾನೆ. ಮೇಲಿದ್ದವರು ಇನ್ನೂ ಎಣಿಸುತ್ತಿರುತ್ತಾರೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸಾಯುತ್ತಾರೆ. ಈ ಆಟವನ್ನು ನಿಮ್ಮ ಮಕ್ಕಳಿಗೆ ನೇರವಾಗಿ, ಕಾರಣ ಹೇಳಿ ನಿಷೇಧಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ಜಿಲ್ಲೆಯಲ್ಲಿ ಅಪಾಯದ ಜಾಗಗಳು ಕಣ್ಣೆದುರೇ ಇವೆ. ಬೇಸಿಗೆಯಲ್ಲಿ ಬತ್ತಿದಂತೆ ಕಾಣುವ ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳಿವೆ. ತುಂಗಾ ಮೇಲ್ದಂಡೆ ಕಾಲುವೆಯ ಬದಿ ಜಾರುತ್ತದೆ, ಹರಿವಿಗೆ ಸೆಳೆತವಿದೆ. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯ ನಂತರ ಹೊಲಗಳಲ್ಲಿ ಹೆಚ್ಚಿದ ಕೃಷಿಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತದೆ. ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬರುವವನಿಗೂ ಮೇಲೆ ಹತ್ತಲು ಆಗದು. ಹೊಂಡ ಇರುವವರು ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಿ.

ಇನ್ನೂ ಒಂದು ಮಾತು. ಮುಳುಗುತ್ತಿರುವ ಮಗು ಕೂಗುವುದಿಲ್ಲ. ಕೂಗಲು ಉಸಿರು ಬೇಕು, ಅದಕ್ಕೆ ಸಿಗದಿರುವುದು ಅದೇ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಹತ್ತಿರ ಕುಳಿತು ಮೊಬೈಲ್ ನೋಡುತ್ತಿದ್ದರೆ ಗೊತ್ತೇ ಆಗುವುದಿಲ್ಲ.

ಯಾರು, ಯಾವಾಗ ಎಚ್ಚರ ವಹಿಸಬೇಕು?

ದಮ್ಮಿನ ತೊಂದರೆ, ಅಂದರೆ ಆಸ್ತಮಾ ಇರುವ ಮಕ್ಕಳು ಈಜಬಹುದು. ಆದರೆ ಕಾಯಿಲೆ ಹತೋಟಿಯಲ್ಲಿರಬೇಕು, ಮೊದಲು ಐದು ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಬೇಕು, ವೈದ್ಯರು ಕೊಟ್ಟ ಇನ್‌ಹೇಲರ್ ದಂಡೆಯಲ್ಲೇ ಇರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಘಾಟಿನಿಂದ ಕೆಮ್ಮು ಹತ್ತಿದ ದಿನ ಕೊಳಕ್ಕೆ ಇಳಿಯದಿರುವುದೇ ಒಳ್ಳೆಯದು. ಇಂಥ ಮಕ್ಕಳಿಗೆ ಎರಡು ಕೈಗೆ ಒಮ್ಮೆ ಎಂಬುದೇ ಕಾಯಂ ನಿಯಮ. ಫಿಟ್ಸ್, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಕಿವಿ ಸೋರುವವರು, ಕಿವಿಯ ತಮಟೆ ತೂತಾದವರು ವಾಸಿಯಾಗುವ ತನಕ ಕಾಯಬೇಕು. ಭೇದಿ, ಕಣ್ಣುಬೇನೆ, ಚರ್ಮದ ಸೋಂಕು ಇದ್ದಾಗ ಇಳಿದರೆ ಇತರರಿಗೂ ಹರಡುತ್ತದೆ.

ಹೊಟ್ಟೆ ತುಂಬ ಉಂಡ ಮೇಲೆ ವ್ಯಾಯಾಮ ಬೇಡ ಎಂಬುದು ಯೂನಾನಿಯ ಹಳೆಯ ನಿಯಮ. ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಉಸಿರಿಗೆ ಜಾಗ ಕಡಿಮೆಯಾಗುತ್ತದೆ. ಊಟವಾಗಿ ಎರಡು ಗಂಟೆ ಕಳೆಯಲಿ. ರಮಝಾನ್ ಉಪವಾಸದ ಹಗಲಿನಲ್ಲಿ ಫ್ರೀಸ್ಟೈಲ್ ಅಭ್ಯಾಸ ಬೇಡ. ಕಲಿಯುವವರು ನೀರು ನುಂಗುವುದು ಸಾಮಾನ್ಯ, ದಣಿವೂ ಬಾಯಾರಿಕೆಯೂ ಬೇರೆ.

ಕೊಳಕ್ಕೆ ಇಳಿಯುವ ಮುನ್ನ ಸೋಪು ಹಚ್ಚಿ ಸ್ನಾನ ಮಾಡಬೇಕು, ಮೂತ್ರ ಮುಗಿಸಿ ಬರಬೇಕು. ಕೊಳದ ಕಟುವಾದ ವಾಸನೆ ಶುದ್ಧತೆಯ ಗುರುತೆಂದು ಹಲವರು ತಿಳಿದಿದ್ದಾರೆ. ಬೆವರು ಮತ್ತು ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಹುಟ್ಟುವ ಅನಿಲದ ವಾಸನೆಯದು. ನೀರಿನ ಮೇಲ್ಭಾಗದಲ್ಲೇ ಅದು ತೇಲುವುದರಿಂದ ಈಜುವವನ ಎದೆಗೆ ನೇರವಾಗಿ ಹೋಗುತ್ತದೆ, ದಮ್ಮಿನವರಿಗೆ ಕೆಮ್ಮು ತರುತ್ತದೆ. ತಹಾರತ್ ನಮ್ಮ ಈಮಾನಿನ ಭಾಗ. ಕೊಳದಲ್ಲಿ ಅದು ಇತರರ ಉಸಿರಿನ ಹಕ್ಕೂ ಹೌದು.

ಹೆಣ್ಣುಮಕ್ಕಳಿಗೂ ಈಜು ಬೇಕು

ನಮ್ಮ ಕುಟುಂಬಗಳಲ್ಲಿ ಗಂಡುಮಕ್ಕಳಿಗೆ ಈಜು ಕಲಿಸಿ, ಹೆಣ್ಣುಮಕ್ಕಳನ್ನು ದಂಡೆಯಲ್ಲಿ ನಿಲ್ಲಿಸುವುದುಂಟು. ಬಟ್ಟೆ ಒಗೆಯಲು, ನೀರು ತರಲು, ನೆಂಟರ ಹೊಲಕ್ಕೆ ಹೋದಾಗ ಅವರೂ ನೀರಿನ ಬಳಿ ಹೋಗುತ್ತಾರೆ. ಈಜು ಕಲಿಯುವುದನ್ನು ವ್ಯರ್ಥ ಆಟವೆಂದು ಎಣಿಸಬಾರದು ಎಂಬ ಅರ್ಥದ ಪ್ರವಾದಿ ವಚನವನ್ನು ಇಮಾಮ್ ನಸಾಈ ದಾಖಲಿಸಿದ್ದಾರೆ. ನಾಲ್ಕಾರು ಮನೆಯವರು ಒಟ್ಟಾಗಿ ಕೇಳಿಕೊಂಡರೆ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರನ್ನು ಕೊಡಲು ಕೊಳದವರಿಗೂ ಸುಲಭ. ಮೈ ಪೂರ್ತಿ ಮುಚ್ಚುವ, ಮೈಗೆ ಅಂಟಿಕೊಂಡು ನಿಲ್ಲದ ಆದರೆ ನೀರು ಹೀರದ ಈಜುಡುಪು ಸಿಗುತ್ತದೆ. ಸಡಿಲ ಬುರ್ಖಾ, ದುಪಟ್ಟಾ ಧರಿಸಿ ಇಳಿಯುವುದು ಮಾತ್ರ ಅಪಾಯ. ಒದ್ದೆ ಬಟ್ಟೆ ಭಾರವಾಗಿ ಎಳೆಯುತ್ತದೆ, ಮುಖಕ್ಕೆ ಸುತ್ತಿಕೊಂಡರೆ ಉಸಿರಿನ ದಾರಿಯೇ ಮುಚ್ಚುತ್ತದೆ.

ನಮ್ಮ ರಾಜ್ಯದ ಹೆಣ್ಣುಮಕ್ಕಳು ಫ್ರೀಸ್ಟೈಲ್‌ನಲ್ಲಿ ದೂರ ಹೋಗಿದ್ದಾರೆ. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಚಿಕ್ಕಂದಿನಲ್ಲಿ ಒಮ್ಮೆ ಮುಳುಗುವುದರಿಂದ ಪಾರಾದ ಮೇಲೆ ತಂದೆ ಹಟಹಿಡಿದು ಈಜು ಕಲಿಸಿದ ಮಗಳು ಆಕೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ದೂರವನ್ನು ಈಜಿದ ಧಿನಿಧಿ ದೇಸಿಂಗು ಆಗ 14ರ ಹುಡುಗಿ. ನಮ್ಮ ಮಕ್ಕಳು ಒಲಿಂಪಿಕ್ಸ್‌ಗೆ ಹೋಗಲೇಬೇಕೆಂದಿಲ್ಲ. ನೀರಿಗೆ ಬಿದ್ದರೆ ದಂಡೆ ಮುಟ್ಟುವಷ್ಟು ಕಲಿತರೂ ಸಾಕು.

ಮುಳುಗಿದವರಿಗೆ ಬೇಕಾದ್ದು ಉಪ್ಪಲ್ಲ, ಉಸಿರು

2023ರ ಡಿಸೆಂಬರ್‌ನಲ್ಲಿ ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ ಇಬ್ಬರು ಬಾಲಕರನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಮಲಗಿಸಿದ್ದರು. ಉಪ್ಪಿನಲ್ಲಿಟ್ಟರೆ ಜೀವ ಮರಳುತ್ತದೆ ಎಂಬ ಮೊಬೈಲ್ ಸಂದೇಶವನ್ನು ನಂಬಿದ್ದರು. ಜೀವ ಮರಳಲಿಲ್ಲ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲೂ ಹೀಗೇ ಆಗಿತ್ತು. ಮಗುವನ್ನು ಕಳೆದುಕೊಂಡವರು ಕೈಗೆ ಸಿಕ್ಕ ಯಾವ ಆಸೆಯನ್ನೂ ಬಿಡುವುದಿಲ್ಲ, ಅವರನ್ನು ದೂರುವಂತಿಲ್ಲ. ಆದರೆ ಯೂನಾನಿ ವೈದ್ಯನಾಗಿ ಸ್ಪಷ್ಟವಾಗಿ ಹೇಳುತ್ತೇನೆ: ಮುಳುಗಿದವರಿಗೆ ಉಪ್ಪಿನ ಚಿಕಿತ್ಸೆ ನಮ್ಮ ಪದ್ಧತಿಯಲ್ಲೂ ಇಲ್ಲ, ಬೇರೆ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ. ಇಂಥ ಸಂದೇಶ ಬಂದರೆ ಮುಂದಕ್ಕೆ ಕಳುಹಿಸದೆ ಅಳಿಸಿಹಾಕಿ.

ಉಸಿರು ನಿಂತ ಮೇಲೆ ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಆದ್ದರಿಂದ ಮೊದಲ ನಿಮಿಷಗಳಲ್ಲಿ ದಂಡೆಯಲ್ಲಿದ್ದವರೇ ವೈದ್ಯರು. ಮುಳುಗುತ್ತಿರುವವರನ್ನು ಕಂಡರೆ ಹಾರಬೇಡಿ. ಹಗ್ಗ, ಕೋಲು, ದುಪಟ್ಟಾ ಚಾಚಿ, ಖಾಲಿ ಕ್ಯಾನ್ ಅಥವಾ ಟ್ಯೂಬ್ ಎಸೆಯಿರಿ. ಹೊರತಂದ ಮೇಲೆ ಅಂಗಾತ ಮಲಗಿಸಿ, 108ಕ್ಕೆ ಕರೆ ಮಾಡಲು ಇನ್ನೊಬ್ಬರಿಗೆ ಹೇಳಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಉಸಿರಾಟ ಇಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಏಳುವಷ್ಟು ಊದಿ. ಮೊದಲು ಎರಡರಿಂದ ಐದು ಸಲ ಹೀಗೆ ಉಸಿರು ಕೊಡಿ. ನಂತರ ಎದೆಯ ನಡುವೆ ಅಂಗೈಯಿಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರುವ ತನಕ ಇದನ್ನು ಬಿಡದೆ ಮುಂದುವರಿಸಿ. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿ ಓಡುವುದು ಬೇಡ. ಇದರಿಂದ ಹೊಟ್ಟೆಯ ನೀರು ಎದೆಗೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಎಚ್ಚರವಾಗಿ ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಈ ಕ್ರಮವನ್ನು ಓದಿದರೆ ಸಾಲದು, ಮಾಡಿ ಕಲಿಯಬೇಕು. ಜಮಾಅತ್‌ನ ಯುವಕರು, ಮದ್ರಸಾದ ಶಿಕ್ಷಕರು, ಮಹಿಳಾ ಸಂಘದವರು ರಜೆ ಮುಗಿಯುವುದರೊಳಗೆ ಸಮೀಪದ ಸರಕಾರಿ ಆಸ್ಪತ್ರೆ ಅಥವಾ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಒಂದು ಗಂಟೆಯ ತರಬೇತಿ ಇಟ್ಟುಕೊಳ್ಳಲಿ.

ಮಕ್ಕಳಿಗೆ ಹೇಳಬೇಕಾದ್ದು ಇಷ್ಟು: ಮುಖ ನೀರಿನಲ್ಲಿದ್ದಾಗ ಗುಳ್ಳೆ ಬರುತ್ತಲೇ ಇರಲಿ, ಎರಡು ಕೈಗೆ ಒಮ್ಮೆ ಗಾಳಿ ಸಿಗಲಿ, ಉಸಿರನ್ನು ಎಂದೂ ಪಂದ್ಯಕ್ಕೆ ಇಡಬೇಡ, ಒಬ್ಬನೇ ನೀರಿಗೆ ಇಳಿಯಬೇಡ. ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ, ಆಮೀನ್.